ಮೆರಾಬ್ ಸೋತ ಮೇಲೆ ಅವನನ್ನು ಅಳೆಯೋದು ಹೇಗೆ? ಮಾವನ ಲೆಕ್ಕಕ್ಕೂ ಜಡ್ಜ್‌ಗಳ ಲೆಕ್ಕಕ್ಕೂ ತಾಳೆ ಆಗ್ತಿಲ್ಲ

ಬೈತಖೋಲ ಮೆಕ್ಯಾನಿಕ್, ಕಾರವಾರ

ಪ್ರಶ್ನೆ ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ. ಯುಎಫ್‌ಸಿ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಆ ಪಂಜರದ ಕಾದಾಟ, ಇಷ್ಟವಿಲ್ಲದವರು ಸುಮ್ನೆ ದಾಟಿಕೊಂಡು ಹೋಗಿ, ಬೈಯಬೇಡಿ.

2025ರ ಡಿಸೆಂಬರ್ 7, ಭಾನುವಾರ. ಲಾಸ್ ವೇಗಾಸ್‌ನಲ್ಲಿ ಇನ್ನೂ ಶನಿವಾರ ರಾತ್ರಿ, ನಮಗೆ ಬೆಳಿಗ್ಗೆ. ಈ ಆಟದಲ್ಲಿ ನಮಗಿರುವ ದೊಡ್ಡ ಅನುಕೂಲ ಅದೇ. ನಿದ್ದೆ ಕೆಡಬೇಕಾಗಿಲ್ಲ. ಚಹಾ ಕುಡಿದು, ಅವಲಕ್ಕಿ ತಿಂದು ಎಂಟೂವರೆಗೆ ಕೂತರೆ ಸಾಕು. ಕೊನೆಯ ಪಂದ್ಯ ಬರುವಾಗ ಹನ್ನೊಂದು ದಾಟಿರುತ್ತದೆ. ಅಷ್ಟರಲ್ಲಿ ಅಡುಗೆಮನೆಯಿಂದ "ಇವತ್ತು ಮೀನು ತರುವವರು ಯಾರು?" ಅನ್ನುವ ಕೂಗೂ ಬಂದಿರುತ್ತದೆ.

ಆ ದಿನ ಆ ಕೂಗಿಗೆ ಉತ್ತರ ಟಿವಿಯಲ್ಲೇ ಇತ್ತು. ನಾನೂ ಭಾವನೂ ಪಣ ಕಟ್ಟಿದ್ದೆವು. ಬ್ಯಾಂಟಮ್‌ವೇಟ್ ತೂಕದ ಬೆಲ್ಟ್ ಇಟ್ಟುಕೊಂಡಿದ್ದ ಮೆರಾಬ್ ದ್ವಾಲಿಶ್ವಿಲಿ ಗೆದ್ದರೆ ಭಾವ ಮೀನು ತರಬೇಕು, ಅವನಿಗೆ ಸವಾಲು ಹಾಕಿದ ಪೀಟರ್ ಯಾನ್ ಗೆದ್ದರೆ ನಾನು. ಬಂಗಡೆ, ತಾರ್ಲೆ ಅಲ್ಲ, ಇಡೀ ಇಸವಾಣ. ನನಗೆ ಭಯವೇ ಇರಲಿಲ್ಲ. 14 ಪಂದ್ಯ ಸತತ ಗೆದ್ದವನು ಮೆರಾಬ್. ಇದೇ ಯಾನ್‌ನನ್ನು 2023ರ ಮಾರ್ಚ್‌ನಲ್ಲಿ ಐದಕ್ಕೆ ಐದೂ ರೌಂಡ್ ಹಿಂಡಿ ಹಾಕಿದ್ದ. ಆ ದಿನ ಕೆಡವಲು 49 ಸಲ ನುಗ್ಗಿದ್ದ, 11 ಸಲ ಕೆಡವಿದ್ದ. ಮೂವರು ಜಡ್ಜ್‌ಗಳೂ 50-45 ಕೊಟ್ಟಿದ್ದರು (ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9). ಅಂಥವನ ಮೇಲೆ ಪಣ ಕಟ್ಟಲು ಯೋಚನೆ ಮಾಡುವುದೇನಿದೆ?

ಸೋತ. 49-46, 49-46, 48-47. ಮೂರೂ ಯಾನ್‌ಗೆ. ಇಸವಾಣ ನಾನೇ ತಂದೆ. ಅದರ ಬಗ್ಗೆ ಬೇಸರ ಇಲ್ಲ, ಸ್ವಲ್ಪ ಇದೆ, ಆದರೆ ಪ್ರಶ್ನೆ ಅದಲ್ಲ.

ಪ್ರಶ್ನೆ ಮಾವನದು. ನನ್ನ ಸೋದರಮಾವ ಹಳಿಯಾಳದವರು. ಪ್ರಾಯದಲ್ಲಿ ಮಟ್ಟಿ ಕುಸ್ತಿ ಹಿಡಿದವರು. ಎಡಗಿವಿ ಇವತ್ತಿಗೂ ಒಣಗಿದ ಅಣಬೆಯ ಹಾಗೆ ಮುದುಡಿಕೊಂಡಿದೆ. ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದು ಕೂತಿದ್ದಾರೆ. ಬಲಗಣ್ಣು ಆಗಿದೆ, ಎಡಗಣ್ಣು ಬಾಕಿ. ಮೊದಲ ಪಂದ್ಯದಲ್ಲಿ "ಇದೇನು ಬೀದಿ ಜಗಳ" ಅಂದರು. ಎರಡನೆಯದರಲ್ಲಿ ಸುಮ್ಮನಾದರು. ಮೆರಾಬ್ ಪಂದ್ಯ ಶುರುವಾಗುವ ಹೊತ್ತಿಗೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಗೀರು ಹಾಕಲು ಶುರು ಮಾಡಿದ್ದರು. ಕಾಲಿಗೆ ಕೈ ಹಾಕಿದರೆ ಅರ್ಧ ಗೀರು, ಕೆಡವಿದರೆ ಪೂರ್ತಿ ಗೀರು. ಗುದ್ದಿಗೂ ಒದೆಗೂ ಏನೂ ಇಲ್ಲ.

ಕೊನೆಗೆ ಅವರ ಲೆಕ್ಕದಲ್ಲಿ ಮೆರಾಬ್‌ಗೆ ಮೂರು ರೌಂಡ್, ಯಾನ್‌ಗೆ ಎರಡು. ತೀರ್ಪು ಕೇಳಿ ಪೆನ್ಸಿಲ್ ಕೆಳಗಿಟ್ಟರು. "ಕುಸ್ತಿ ಕೇಳಿಕೊಂಡು ಬಂದವನು ಅವನು. ತಪ್ಪಿಸಿಕೊಂಡವನು ಇವನು. ಕೇಳಿದವನಿಗೆ ಸೋಲು, ತಪ್ಪಿಸಿಕೊಂಡವನಿಗೆ ಬೆಲ್ಟಾ?" ಅಂದರು. ಭಾವ ಮೆಲ್ಲಗೆ, "ಮಾವ ಒಂದೇ ಕಣ್ಣಲ್ಲಿ ನೋಡಿದ್ದಾರೆ" ಅಂದರು. ಅದು ಮಾವನಿಗೆ ಕೇಳಿಸಿತು. ಕಿವಿ ಮುದುಡಿದ್ದರೂ ಚುರುಕಾಗಿದೆ. ಮೂರು ದಿನದಿಂದ ಮನೆಯಲ್ಲಿ ಇದೇ ಚರ್ಚೆ.

ನನಗೆ ಇನ್ನೊಂದು ತಲೆನೋವು. ಮೆರಾಬ್ ಈಗ ಎಲ್ಲಿ ನಿಲ್ಲುತ್ತಾನೆ? ವಾಟ್ಸಾಪಿನಲ್ಲಿ ನಿನ್ನೆಯವರೆಗೆ "ಈ ತೂಕದಲ್ಲಿ ಇಂಥವನು ಹುಟ್ಟಿಲ್ಲ" ಅಂದವರೇ ಇವತ್ತು "ಬರೀ ಓಟಗಾರ" ಅಂತಿದ್ದಾರೆ. 2025ರಲ್ಲಿ ಅವನು ಮಾಡಿದ್ದು ನೋಡಿ. ಜನವರಿಯಲ್ಲಿ ಉಮರ್ ನುರ್ಮಗೊಮೆದೊವ್, ಜೂನ್‌ನಲ್ಲಿ ಓಮ್ಯಾಲಿ, ಅಕ್ಟೋಬರ್ 4ಕ್ಕೆ ಸ್ಯಾಂಡ್‌ಹೇಗನ್, ಡಿಸೆಂಬರ್ 6ಕ್ಕೆ ಯಾನ್. ಒಂದೇ ವರ್ಷದಲ್ಲಿ ನಾಲ್ಕು ಸಲ ಬೆಲ್ಟ್ ಉಳಿಸಿಕೊಳ್ಳಲು ಹೊರಟಿದ್ದ. ಕೊನೆಯ ಎರಡರ ನಡುವೆ ಸರಿಯಾಗಿ ಒಂಬತ್ತು ವಾರ. ಓಮ್ಯಾಲಿಯನ್ನು ಮೂರನೇ ರೌಂಡಿನಲ್ಲಿ ಕತ್ತು ಒತ್ತಿ ಸೋಲಿಸಿದ್ದು ಬಿಟ್ಟರೆ ಎಲ್ಲವೂ ಐದು ರೌಂಡ್. ಒಟ್ಟು ಹತ್ತಿರ ಹತ್ತಿರ 90 ನಿಮಿಷ ಪಂಜರದೊಳಗೆ.

ನಾನು ಬೋಟ್ ಇಂಜಿನ್ ರಿಪೇರಿ ಮಾಡುವವನು. ಇಂಜಿನ್ ಎಷ್ಟು ವರ್ಷ ಹಳೆಯದು ಅಂತ ನಾವು ಕೇಳುವುದಿಲ್ಲ, ಎಷ್ಟು ಗಂಟೆ ಓಡಿದೆ ಅಂತ ಕೇಳುತ್ತೇವೆ. ದಡದಲ್ಲಿ ಕಟ್ಟಿಹಾಕಿದ ಬೋಟು ಕೆಡಲಿಲ್ಲ ಅಂತ ಯಾರೂ ಇಂಜಿನ್ ಹೊಗಳುವುದಿಲ್ಲ. ಹಾಗಾದರೆ ಬೆಲ್ಟ್ ಕಟ್ಟಿಕೊಂಡು ವರ್ಷಗಟ್ಟಲೆ ಕೂತು ಸೋಲದೇ ಉಳಿದವನು ದೊಡ್ಡವನೋ, ಓಡಿ ಓಡಿ ಸೋತವನು ದೊಡ್ಡವನೋ?

ಎರಡಕ್ಕೂ ಉತ್ತರ ಬೇಕು. ಜಡ್ಜ್‌ಗಳು ಸರಿಯೋ ಮಾವ ಸರಿಯೋ. ಮೆರಾಬ್‌ನನ್ನು ಈಗ ಯಾವ ಸಾಲಿನಲ್ಲಿ ಕೂರಿಸಬೇಕು.


ಅಂಕೋಲಾ ರೈಡರ್

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಜಡ್ಜ್‌ಗಳು ಸರಿ. ಮಾವನವರಿಗೆ ನಮಸ್ಕಾರ ತಿಳಿಸಿ, ಆದರೆ ಅವರು ತಪ್ಪು.

ನಾನು ಹದಿನಾಲ್ಕು ವರ್ಷ ಕಬಡ್ಡಿ ಆಡಿದವನು. ರೈಡ್‌ಗೆ ಹೋಗಿ ಹತ್ತು ಸಲ ಕೈ ಚಾಚಿ, ನಾಲ್ಕು ಸಲ ಕಾಲು ಬೀಸಿ, ಉಸಿರುಗಟ್ಟಿ ವಾಪಸ್ ಬಂದರೂ ಯಾರನ್ನೂ ಮುಟ್ಟದೇ ಬಂದರೆ ಪಾಯಿಂಟ್ ಇಲ್ಲ. ಜನ ಚಪ್ಪಾಳೆ ತಟ್ಟಬಹುದು. ಬೋರ್ಡ್ ಮೇಲೆ ಸೊನ್ನೆ.

ಇಲ್ಲಿ ನಿಯಮ ಇನ್ನೂ ಗಟ್ಟಿ. ಕೆಡವುವುದೇ ದೊಡ್ಡದಲ್ಲ. ಕೆಡವಿದ ಮೇಲೆ ಅಲ್ಲಿಂದ ದಾಳಿ ಶುರುವಾಗಬೇಕು. ಗುದ್ದಬೇಕು, ಕತ್ತಿಗೋ ಕೈಗೋ ಪಟ್ಟು ಹಾಕಬೇಕು. ನೆಲಕ್ಕೆ ಬಿದ್ದವನು ಮರುಕ್ಷಣವೇ ಎದ್ದು ನಿಂತರೆ ಅದು ಬರೀ ಜಾಗ ಬದಲಾದ ಹಾಗೆ. ಜಡ್ಜ್ ಮೊದಲು ನೋಡುವುದು ಯಾರ ಹೊಡೆತ, ಯಾರ ಹಿಡಿತ ಹೆಚ್ಚು ಕೆಲಸ ಮಾಡಿತು ಅಂತ. ಅದು ಸಮ ಅನಿಸಿದರೆ ಮಾತ್ರ ಯಾರು ಮುನ್ನುಗ್ಗಿದರು ಅಂತ ನೋಡಬೇಕು. ಅದೂ ಸಮ ಆದರೆ ಕೊನೆಗೆ ಪಂಜರದ ನಡುವೆ ಯಾರ ಯಜಮಾನಿಕೆ ಇತ್ತು ಅನ್ನುವುದು. ಮಾವನವರು ಎರಡನೇ ಮೆಟ್ಟಿಲಿನಿಂದ ಲೆಕ್ಕ ಶುರು ಮಾಡಿದ್ದಾರೆ.

ಇನ್ನೊಂದು ಮಾತು. ಒಂದೊಂದು ರೌಂಡೂ ಬೇರೆ ಬೇರೆ. ರೌಂಡ್ ಮುಗಿದ ಕೂಡಲೇ ಜಡ್ಜ್ ಚೀಟಿ ಬರೆದು ಕೊಟ್ಟುಬಿಡುತ್ತಾನೆ. ಐದನೇ ರೌಂಡ್ ನೋಡಿ "ಓ, ಒಟ್ಟಾರೆ ಇವನೇ" ಅಂತ ಒಂದನೇ ರೌಂಡ್ ತಿದ್ದಲು ಬರುವುದಿಲ್ಲ. ಪೆನ್ಸಿಲ್ಲೂ ರಬ್ಬರೂ ಇಟ್ಟುಕೊಂಡು ಮನೆಯಲ್ಲಿ ಕೂತರೆ ಆ ಕಷ್ಟ ಗೊತ್ತಾಗಲ್ಲ.


ಸುಮ್ನೆ ನೋಡುವವ

ಎಲ್ಲಾ ಫಿಕ್ಸಿಂಗ್. ಹಣದ ಆಟ. ನೀವೆಲ್ಲ ಕೂತು ಲೆಕ್ಕ ಹಾಕ್ತಿದ್ದೀರಿ.


ಬೈತಖೋಲ ಮೆಕ್ಯಾನಿಕ್, ಕಾರವಾರ

ಸುಮ್ನೆ ನೋಡುವವರೇ, ಫಿಕ್ಸ್ ಮಾಡುವವರ ನಂಬರ್ ಇದ್ದರೆ ಕೊಡಿ. ಇಸವಾಣದ ದುಡ್ಡು ಕೇಳುವುದಿದೆ.

ರೈಡರ್ ಅಣ್ಣಾ, ನಿಯಮ ಅರ್ಥವಾಯಿತು. ಆದರೆ ಒಂದು ಅನುಮಾನ. 2022ರ ಆಗಸ್ಟ್‌ನಲ್ಲಿ ಮೆರಾಬ್ ಜೋಸೆ ಆಲ್ಡೋ ಜೊತೆ ಆಡಿದ್ದು ನೆನಪಿದೆಯಾ? 16 ಸಲ ಕೆಡವಲು ನುಗ್ಗಿದ. ಒಂದು ಸಲವೂ ಆಗಲಿಲ್ಲ. ಮತ್ತೆ ಮತ್ತೆ ಪಂಜರದ ಬಲೆಗೆ ಒತ್ತಿ ಹಿಡಿಯುತ್ತಿದ್ದ, ಜನ ಕೂಗಿ ಛೀಮಾರಿ ಹಾಕಿದರು. ಆದರೂ ಮೂವರು ಜಡ್ಜ್‌ಗಳೂ ಅವನಿಗೇ ಕೊಟ್ಟರು. ಆಗ ಮುಟ್ಟದೇ ಬಂದ ರೈಡ್‌ಗೆ ಪಾಯಿಂಟ್ ಕೊಟ್ಟವರು ಈಗ ಯಾಕೆ ಕೊಡಲಿಲ್ಲ? ಮಾವ ಕೇಳಿದ್ದಲ್ಲ, ನಾನೇ ಕೇಳುತ್ತಿದ್ದೇನೆ.


ಅಂಕೋಲಾ ರೈಡರ್

ಆಲ್ಡೋ ಆ ದಿನ ಏನೂ ಮಾಡಲೇ ಇಲ್ಲ ಮಾರಾಯ್ರೇ. ಕೆಡವಲು ಬಿಡಲಿಲ್ಲ, ಅಷ್ಟೇ. ತಾನೂ ಹೊಡೆಯಲಿಲ್ಲ. ಇಬ್ಬರ ಮೊದಲ ಮೆಟ್ಟಿಲೂ ಖಾಲಿ ಆದಾಗ ಎರಡನೇ ಮೆಟ್ಟಿಲು ಕೆಲಸಕ್ಕೆ ಬಂತು. ಯಾನ್ ಹಾಗಲ್ಲ. ತಪ್ಪಿಸಿಕೊಂಡ, ಜೊತೆಗೇ ಹೊಟ್ಟೆಗೆ ಒದ್ದ, ಗುದ್ದಿದ. ಅಷ್ಟು ಸಾಲದು ಅಂತ ಮೆರಾಬ್‌ನನ್ನೇ ಕೆಡವಿದ. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ, ಆದರೆ ಅಷ್ಟೇ ಸಾಕು.


ತೋಟದ ಮನೆ, ಶಿರಸಿ

ನಮ್ಮಲ್ಲಿ ಕೊನೆ ಕೊಯ್ಲು ನಡೆಯುತ್ತಿದೆ. ಪಂದ್ಯವನ್ನು ನೇರ ನೋಡಲು ಆಗಲಿಲ್ಲ, ರಾತ್ರಿ ಅಡಿಕೆ ಸುಲಿಯುತ್ತಾ ನೋಡಿದೆ. ಮೆಟ್ಟುಗತ್ತಿ ಮುಂದೆ ಕೂತು ಇಂಥದ್ದು ನೋಡಬಾರದು, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡನೇ ಪ್ರಶ್ನೆಗೆ ನನ್ನ ಲೆಕ್ಕ ಬೇರೆ. ಅಡಿಕೆ ಕೊಳ್ಳಲು ಬಂದವನು ಚೀಲದ ಮೇಲಿನ ಕಾಯಿ ನೋಡುವುದಿಲ್ಲ. ಮೇಲೆ ಚೆಂದದ್ದೇ ಇರುತ್ತದೆ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಮೊಣಕೈವರೆಗೆ ಒಳಗೆ ಹಾಕಿ ತಳದಿಂದ ಒಂದು ಮುಷ್ಟಿ ತೆಗೆಯುತ್ತಾನೆ. ಚಾಂಪಿಯನ್‌ನನ್ನೂ ಹಾಗೇ ನೋಡಬೇಕು. ಅವನ ಚೆಂದದ ಗೆಲುವು ಬಿಡಿ. ಗೆದ್ದ ಪಂದ್ಯಗಳಲ್ಲೇ ಅತ್ಯಂತ ಕೆಟ್ಟದ್ದು ಯಾವುದು? ಆ ದಿನ ಏನು ಮಾಡಿದ?

ಆಂಡರ್ಸನ್ ಸಿಲ್ವಾ ತೆಗೆದುಕೊಳ್ಳಿ. ಯುಎಫ್‌ಸಿಯಲ್ಲಿ ಸತತ 16 ಗೆಲುವು, ಹತ್ತು ಸಲ ಬೆಲ್ಟ್ ಉಳಿಸಿಕೊಂಡವನು. ಚೀಲದ ಮೇಲೆಲ್ಲ ಮಾಣಿಕ್ಯ. ತಳದಲ್ಲಿ 2010ರ ಆಗಸ್ಟ್ ಇದೆ, ಚೇಲ್ ಸೊನೆನ್. ನಾಲ್ಕು ರೌಂಡ್ ಪೂರ್ತಿ ಅಡಿಯಲ್ಲಿ ಬಿದ್ದು ಪೆಟ್ಟು ತಿಂದ. ಐದನೆಯದರಲ್ಲೂ ಅಡಿಯಲ್ಲೇ. ಎರಡು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಕಾಲುಗಳಲ್ಲಿ ಕತ್ತು ಸಿಕ್ಕಿಸಿ ಗೆದ್ದುಬಿಟ್ಟ. ನನಗೆ ಸಿಲ್ವಾ ದೊಡ್ಡವನು ಅನಿಸುವುದು ಆ ಒಂದು ರಾತ್ರಿಯಿಂದ. ಕೈ ಇಳಿಬಿಟ್ಟು ಕುಣಿದು ಗೆದ್ದ ರಾತ್ರಿಗಳಿಂದ ಅಲ್ಲ. ಹಾಗೆ ಕುಣಿಯಲು ಹೋಗಿಯೇ 2013ರಲ್ಲಿ ವೈಡ್‌ಮನ್ ಕೈಯಲ್ಲಿ ನೆಲಕ್ಕೆ ಬಿದ್ದ, ಅದು ಬೇರೆ ಮಾತು.

ಜಾನ್ ಜೋನ್ಸ್ ಚೀಲದ ತಳದಲ್ಲಿ 2020ರ ಡಾಮಿನಿಕ್ ರೇಯೆಸ್ ಪಂದ್ಯ ಸಿಗುತ್ತದೆ. ತೀರ್ಪು ಜೋನ್ಸ್ ಪರ. ನೋಡಿದವರಲ್ಲಿ ಎಷ್ಟೋ ಜನ ಇವತ್ತಿಗೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅದಾದ ಮೇಲೆ ಮೂರು ವರ್ಷ ಆಡಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಸಿರಿಲ್ ಗೇನ್‌ನನ್ನು ಸೋಲಿಸಿ ಹೆವಿವೇಟ್ ಬೆಲ್ಟ್ ತೆಗೆದುಕೊಂಡ. ಆಮೇಲೆ ಇನ್ನೊಂದು ಪಂದ್ಯಕ್ಕೆ 20 ತಿಂಗಳು ಬೇಕಾಯಿತು. ಮೆಕ್ಯಾನಿಕ್ ಹೇಳಿದ ದಡದ ಬೋಟ್ ಇದೇ ತಾನೇ? ಆಟಗಾರನಾಗಿ ಅವನಷ್ಟು ಬುದ್ಧಿ ಇನ್ನೊಬ್ಬನಿಗಿಲ್ಲ. ಅಷ್ಟಾದರೂ ಕೊನೆಯ ಐದು ವರ್ಷವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಖಬೀಬ್ ಅಭಿಮಾನಿಗಳು ಬೈಯುತ್ತಾರೆ, ಬೈಯಲಿ. 29-0, ಅಂದರೆ 29 ಗೆಲುವು, ಸೋಲು ಸೊನ್ನೆ. ಮೆಕ್‌ಗ್ರೆಗರ್ ಜೊತೆಗಿನ ಮೂರನೇ ರೌಂಡಿನ ಹಾಗೆ ರೌಂಡ್ ಸೋತದ್ದು ತೀರಾ ಅಪರೂಪ. ಚೀಲದ ತಳವೂ ಚೊಕ್ಕ. ಆದರೆ ಚೀಲ ಚಿಕ್ಕದು. ಬೆಲ್ಟ್ ಉಳಿಸಿಕೊಂಡದ್ದು ಮೂರೇ ಸಲ, ಮೆಕ್‌ಗ್ರೆಗರ್, ಪೊರಿಯೆ, ಗೇಜಿ. 2020ರ ಅಕ್ಟೋಬರ್‌ಗೆ ಬಾಗಿಲು ಹಾಕಿದ. ಅವನ ಶಿಷ್ಯ ಇಸ್ಲಾಂ ಮಖಚೇವ್ ಚೀಲ ನನಗೆ ಜಾಸ್ತಿ ಇಷ್ಟ. ಅದರ ತಳದಲ್ಲಿ 2015ರ ಒಂದು ಸೋಲೂ ಇದೆ, ಮೊದಲ ರೌಂಡಿನಲ್ಲೇ ಮಲಗಿದ್ದ. ಅಲ್ಲಿಂದ ಎದ್ದು ಸತತ 16 ಗೆದ್ದು ಸಿಲ್ವಾ ಪಕ್ಕ ನಿಂತಿದ್ದಾನೆ. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮೇಲಿನ ತೂಕಕ್ಕೆ ಹೋಗಿ ಡೆಲ್ಲಾ ಮದಲೇನಾ ಹತ್ತಿರ ಒಂದು ರೌಂಡನ್ನೂ ಬಿಡದೆ ಬೆಲ್ಟ್ ತಂದ.

ಈಗ ಮೆರಾಬ್ ಚೀಲಕ್ಕೆ ಕೈ ಹಾಕೋಣ. ಯುಎಫ್‌ಸಿಗೆ ಬಂದು ಮೊದಲ ಎರಡೂ ಪಂದ್ಯ ಸೋತವನು. ಬೇರೆಯವನಾದರೆ ಅಲ್ಲಿಗೇ ಊರಿಗೆ ಹೋಗುತ್ತಿದ್ದ. 2021ರ ಸೆಪ್ಟೆಂಬರ್‌ನಲ್ಲಿ ಮಾರ್ಲನ್ ಮೊರೇಸ್ ಮೊದಲ ರೌಂಡಿನಲ್ಲಿ ಹೊಡೆದ ಹೊಡೆತಕ್ಕೆ ಮೆರಾಬ್ ಕಾಲು ಕುಡುಕನ ಕಾಲಾಗಿತ್ತು. ಆಡಿಯೋ ಇಲ್ಲದೆ ನೋಡಿದರೂ ಮುಗಿಯಿತು ಅನಿಸುತ್ತದೆ. ಎರಡನೇ ರೌಂಡಿನಲ್ಲಿ ಅವನೇ ಮೊರೇಸ್‌ನನ್ನು ಮುಗಿಸಿದ. 2025ರ ಜನವರಿಯಲ್ಲಿ ಉಮರ್, ಅಲ್ಲಿಯವರೆಗೆ 18-0, ಮೊದಲ ರೌಂಡ್‌ಗಳಲ್ಲಿ ಮುಂದೆ ಇದ್ದ. ಮೂರನೆಯದರಿಂದ ಉಮರ್ ಬಾಯಿ ತೆರೆದು ಉಸಿರಾಡಲು ಶುರು ಮಾಡಿದ, ಮೆರಾಬ್ ಬಾಯಿ ತೆರೆದು ನಗಲು ಶುರು ಮಾಡಿದ. 48-47, 48-47, 49-46. ಇವು ತಳದ ಕಾಯಿಗಳು. ಹುಳ ಇಲ್ಲ.

ಸೋಲು ಅಂತೀರಾ? ಕಮಾರು ಉಸ್ಮಾನ್ 2022ರಲ್ಲಿ ಯುಎಫ್‌ಸಿಯಲ್ಲಿ ಸತತ 15 ಗೆದ್ದು ಸಿಲ್ವಾ ದಾಖಲೆಗೆ ಒಂದೇ ಕಡಿಮೆ ಇದ್ದ. ಮೂವರು ಜಡ್ಜ್‌ಗಳ ಚೀಟಿಯಲ್ಲೂ ಅವನೇ ಮುಂದೆ. 56 ಸೆಕೆಂಡ್ ಬಾಕಿ. ಲಿಯಾನ್ ಎಡ್ವರ್ಡ್ಸ್ ಎಡಗಾಲು ತಲೆಗೆ ಬಂತು. 56 ಸೆಕೆಂಡ್ ಹಿಂದಿನವರೆಗೆ ದೊಡ್ಡವನಾಗಿದ್ದವನು ಆಮೇಲೆ ಸಣ್ಣವನಾದನಾ? ಹಾಗೆ ಅಳೆಯುವವರ ತಕ್ಕಡಿಯಲ್ಲಿ ನಾನು ಅಡಿಕೆ ತೂಗಿಸುವುದಿಲ್ಲ.


ಸುಮ್ನೆ ನೋಡುವವ

ಟೊಪುರಿಯಾ ಹೆಸರೇ ಇಲ್ಲ. ವೊಲ್ಕನೊವ್ಸ್ಕಿ, ಹಾಲೊವೇ, ಒಲಿವೇರಾ ಮೂವರನ್ನೂ ಮಲಗಿಸಿದವನು. ಮೂರೂ ಸಲ ಜಡ್ಜ್‌ಗಳ ಕೈಗೇ ಕೊಡಲಿಲ್ಲ. ಅದು ಚಾಂಪಿಯನ್.


ತೋಟದ ಮನೆ, ಶಿರಸಿ

ಫಿಕ್ಸಿಂಗ್ ಅಂದವರು ಟೊಪುರಿಯಾ ಲೆಕ್ಕ ಬಾಯಿಪಾಠ ಮಾಡಿದ್ದೀರಲ್ಲ! ಅವನ ಕೆಟ್ಟ ದಿನ ನಾವು ಇನ್ನೂ ನೋಡಿಲ್ಲ. ನೋಡಿದ ಮೇಲೆ ಹೇಳುತ್ತೇನೆ.


ಮಟ್ಟಿ ಹುಡುಗ, ಹಳಿಯಾಳ

ಮೆಕ್ಯಾನಿಕ್ ಸರ್, ಮಾವನವರ ಹೆಸರು ಕೇಳುವುದಿಲ್ಲ. ಕಿವಿ ಹೇಳಿದಿರಲ್ಲ, ನಮ್ಮೂರಿನವರೇ ಅಂತ ಗೊತ್ತಾಯಿತು. ಅವರಿಗೆ ದೊಡ್ಡ ನಮಸ್ಕಾರ ಹೇಳ್ರಿ.

ನಾನು ಮಣ್ಣಿನ ಮಟ್ಟಿಯಲ್ಲಿ ಶುರು ಮಾಡಿ ಮ್ಯಾಟ್ ಮೇಲಿನ ಕುಸ್ತಿಗೆ ಹೋದವನು. ಈಗ ಬೆಳಿಗ್ಗೆ ಹುಡುಗರಿಗೆ ಸಾಮು ಹೇಳಿಕೊಡುತ್ತೇನೆ. ನಿಮ್ಮ ಮಾವನವರ ಗೀರಿನ ಲೆಕ್ಕ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಅವರು ಹಾಕಿದ್ದು ಮ್ಯಾಟಿನ ಲೆಕ್ಕ. ಮ್ಯಾಟ್ ಮೇಲೆ ಕೆಡವಿ ಹಿಂದೆ ಬಂದರೆ ಎರಡು ಪಾಯಿಂಟ್. ಬಿದ್ದವನು ಮರುಕ್ಷಣ ಎದ್ದರೂ ಎರಡು ಎರಡೇ. ಎದುರಾಳಿಯನ್ನು ಗೆರೆಯ ಹೊರಗೆ ತಳ್ಳಿದರೂ ಒಂದು ಸಿಗುತ್ತದೆ. ಹಿಂದೆ ಹಿಂದೆ ಸರಿಯುವವನಿಗೆ ಎಚ್ಚರಿಕೆ. ಅಲ್ಲಿ ಮೆರಾಬ್‌ನಂಥವನು ರಾಜ. ಸ್ಯಾಂಡ್‌ಹೇಗನ್‌ನನ್ನು 20 ಸಲ ಕೆಡವಿದ್ದ, ಮ್ಯಾಟ್ ಆಗಿದ್ದರೆ ಅಷ್ಟು ಸಲ ಕೆಡವುವ ಮೊದಲೇ ರೆಫರಿ ಕೈ ಎತ್ತಿ ಮನೆಗೆ ಕಳಿಸುತ್ತಿದ್ದರು.

ಆದರೆ ಮಾವನವರು ಮ್ಯಾಟ್ ಕಂಡವರಲ್ಲ, ಮಟ್ಟಿಯವರು. ನಮ್ಮ ಮಟ್ಟಿಯಲ್ಲಿ ಕೆಡವಿದ್ದಕ್ಕೆ ಏನಿದೆ? ಏನೂ ಇಲ್ಲ. ಮೊಣಕಾಲಿಗೆ ಬಂದ, ಹೊಟ್ಟೆ ಮೇಲೆ ಬಿದ್ದ, ಎದ್ದ, ಮತ್ತೆ ಕೈ ಹಿಡಿದ. ಬೆನ್ನು ಮಣ್ಣಿಗೆ ತಾಗಬೇಕು, ಚಿತ್ ಆಗಬೇಕು. ಚಿತ್ ಆಗುವವರೆಗೆ ನೂರು ಸಲ ಕಾಲು ಹಿಡಿದರೂ ಹಲಗೆಯವನು ಬಾರಿಸುವುದನ್ನು ನಿಲ್ಲಿಸುವುದಿಲ್ಲ. ಹೊತ್ತು ಮುಳುಗಿದರೆ ಹಿರಿಯರು ಬಂದು ಇಬ್ಬರ ಕೈಯನ್ನೂ ಎತ್ತಿ "ಸಮ" ಅಂತ ಬಿಡಿಸುತ್ತಾರೆ.

ಆ ಇಪ್ಪತ್ತೈದು ನಿಮಿಷದಲ್ಲಿ ಯಾರ ಬೆನ್ನಾದರೂ ನೆಲಕ್ಕೆ ಅಂಟಿ ನಿಂತಿದ್ದು ಇದೆಯಾ? ನನಗೆ ಕಾಣಲಿಲ್ಲ. ಹಾಗಾಗಿ ಮಾವನವರ ಸ್ವಂತ ಅಖಾಡದ ಲೆಕ್ಕದಲ್ಲಿ ಪಂದ್ಯ ಸಮ. ಸಮ ಆದರೆ ಪಣವೂ ಇಲ್ಲ. ಇಸವಾಣ ಅರ್ಧ ಅರ್ಧ.

ಇನ್ನೊಂದು. ಮೊದಲ ಪಂದ್ಯದಲ್ಲಿ 49 ಸಲ ನುಗ್ಗಿ 11 ಸಲ ಕೆಡವಿದ. ಅಂದರೆ 38 ಸಲ ಯಾನ್ ಬಿಡಿಸಿಕೊಂಡಿದ್ದ. ಆಗಲೂ ಅವನು ಬಿಡಿಸಿಕೊಳ್ಳುವವನೇ. ಸೋತದ್ದು ಬಿಡಿಸಿಕೊಳ್ಳುವುದರಲ್ಲೇ ದಿನ ಕಳೆದದ್ದಕ್ಕೆ. ಈ ಸಲ ಮತ್ತೆ ನೋಡುವಾಗ ಯಾನ್ ಕೈ ನೋಡಬೇಡಿ, ಸೊಂಟ ನೋಡಿ. ಬಿಡಿಸಿಕೊಂಡ ಮರುಗಳಿಗೆ ಏನು ಮಾಡುತ್ತಾನೆ ನೋಡಿ. ಮಾವನವರಿಗೂ ಹೇಳಿ, ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. ಒಂದೇ ಕಣ್ಣಾದರೂ.


ಬೈತಖೋಲ ಮೆಕ್ಯಾನಿಕ್, ಕಾರವಾರ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಒಂದು ಬೋಟಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಎರಡು ದಿನ ಅದರಲ್ಲೇ ಹೋಯಿತು.

ಹಳಿಯಾಳದವರು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. "ಸಮ" ಅನ್ನುವಲ್ಲಿಗೆ ಬಂದಾಗ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹುಡುಗ ಯಾವ ಗರಡಿಯವನು?" ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. "ಯಾವುದಾದರೂ ಇರಲಿ, ಪಟ್ಟು ಹಾಕುವುದು ಗೊತ್ತಿದೆ" ಅಂದರು. ಮತ್ತೆ ಪಂದ್ಯ ಹಾಕು ಅಂದರು. ಕಾಮೆಂಟರಿ ಬೇಡ, ಸದ್ದು ತೆಗಿ ಅಂದರು.

ಸದ್ದು ಇಲ್ಲದೆ ನೋಡಿದರೆ ಬೇರೆಯೇ ಪಂದ್ಯ ಮಾರಾಯ್ರೇ. ಕೂಗುವವರ ದನಿ ಇಲ್ಲ. ಮೆರಾಬ್ ಮುಂದೆ ಬಂದಾಗಲೆಲ್ಲ ಏನೋ ಆಯಿತು ಅಂತ ಅನಿಸುವುದೇ ಇಲ್ಲ. ಮಾವ ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು, ಎಡಗಣ್ಣಿಗೆ ಅಂಗೈ ಮುಚ್ಚಿ ಕೂತರು. ಎರಡು ನಿಮಿಷ ಆದ ಮೇಲೆ ನಿಲ್ಲಿಸು ಅಂದರು. ಮೆರಾಬ್ ತಲೆ ಯಾನ್ ಪಕ್ಕೆಗೆ ತಾಗಿದೆ, ಒಂದು ಕೈ ಮೊಣಕಾಲಿನ ಹಿಂದೆ ಹೋಗಿದೆ. ಮಾವ ಎದ್ದು ಯಾನ್ ಸೊಂಟದ ಮೇಲೆ ಬೆರಳಿಟ್ಟರು. ಪರದೆಯ ಮೇಲೆ ಬೆರಳಿನ ಗುರುತು ಇನ್ನೂ ಇದೆ. "ಸೊಂಟ ಹಿಂದೆ ಹೋಗಿದೆ ನೋಡು. ಕಾಲು ಕೊಟ್ಟಿದ್ದಾನೆ, ಸೊಂಟ ಕೊಟ್ಟಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದಾನೆ. ಈಗ ಬಿಡು." ಬಿಟ್ಟೆ. ಮೆರಾಬ್ ಕೈ ಜಾರಿತು, ಇಬ್ಬರೂ ಬೇರೆಯಾದರು. ಬೇರೆಯಾಗುವ ಹೊತ್ತಿಗೇ ಯಾನ್ ಹೊಡೆದ. "ಆಂ!" ಅಂದರು ಮಾವ. "ಬಿಡಿಸಿಕೊಂಡು ಸುಮ್ಮನಿರುವುದಿಲ್ಲ ಇವನು. ಬಾಗಿಲು ಹಾಕುವಾಗ ಬೆರಳು ಸಿಕ್ಕಿಸುತ್ತಾನೆ."

ಅಲ್ಲಿಂದ ಮುಂದೆ ಗೀರು ಹಾಕಲಿಲ್ಲ, ಮೆರಾಬ್ ಬಾಯಿ ನೋಡುತ್ತಾ ಕೂತರು. ಹೊಟ್ಟೆಗೆ ಒದೆ ಬಿದ್ದಾಗಲೆಲ್ಲ "ಇದು ಕಾಲಿಗೆ ಹೋಗುತ್ತದೆ" ಅಂತಿದ್ದರು. ಕೊನೆ ಕೊನೆಗೆ ಮೆರಾಬ್ ನುಗ್ಗುವ ಮೊದಲು ಅರ್ಧ ಹೆಜ್ಜೆ ನಿಲ್ಲುತ್ತಾನೆ, ಅದು ನನಗೂ ಕಂಡಿತು. ಜನವರಿಯಲ್ಲಿ ಉಮರ್ ಎದುರು ಆ ಅರ್ಧ ಹೆಜ್ಜೆ ಇರಲಿಲ್ಲ. 90 ನಿಮಿಷದ ಸವಕಳಿ ಅದು. ಪಿಸ್ಟನ್ ರಿಂಗ್ ಸವೆದ ಇಂಜಿನ್ ನಿಂತುಹೋಗುವುದಿಲ್ಲ, ಓಡುತ್ತದೆ. ಎಕ್ಸಿಲರೇಟರ್ ಕೊಟ್ಟ ಮೇಲೆ ಎಳೆಯಲು ಒಂದು ಗಳಿಗೆ ತಡ ಮಾಡುತ್ತದೆ. ಒಂಬತ್ತು ವಾರ ಬಿಟ್ಟು ಆರು ತಿಂಗಳು ಬಿಟ್ಟು ಆಡಿದ್ದರೆ ಗೆಲ್ಲುತ್ತಿದ್ದನಾ? ಭಾವ ಇಲ್ಲ ಅಂತಾರೆ. ನಾನು ಹೌದು ಅಂತೇನೆ.

ಆದರೆ ಮಾವ ಬೇರೆಯೇ ಹೇಳಿದರು. "ಅವನಿಗೆ ದಣಿವಾಯಿತು ಅಂತ ಇವನಿಂದ ಗೆಲುವು ಕಸಿಯಬೇಡ. ಇವನು ಎರಡೂವರೆ ವರ್ಷ ಆ ಒಂದು ಹಿಡಿತವನ್ನೇ ಬಿಡಿಸಿ ಬಿಡಿಸಿ ಕಲಿತಿದ್ದಾನೆ." ಯಾನ್ ಕಥೆಯನ್ನೂ ಹೇಳಿದೆ. 2020ರಲ್ಲಿ ಆಲ್ಡೋನನ್ನು ಸೋಲಿಸಿ ಬೆಲ್ಟ್ ತಂದದ್ದು. 2021ರ ಮಾರ್ಚ್‌ನಲ್ಲಿ ಸ್ಟರ್ಲಿಂಗ್ ಮೊಣಕಾಲು ನೆಲದಲ್ಲಿದ್ದಾಗ ತಲೆಗೆ ಮೊಣಕಾಲಿನಿಂದ ಹೊಡೆದು, ತಪ್ಪಾಟ ಅಂತ ಬೆಲ್ಟ್ ಕಳೆದುಕೊಂಡದ್ದು. ಆಮೇಲೆ ಸ್ಟರ್ಲಿಂಗ್, ಓಮ್ಯಾಲಿ, ಮೆರಾಬ್ ಎದುರು ಸಾಲಾಗಿ ಮೂರು ಸೋಲು. ಓಮ್ಯಾಲಿ ಜೊತೆಗಿನದು ಒಬ್ಬ ಜಡ್ಜ್ ಲೆಕ್ಕದಲ್ಲಿ ಗೆಲುವೇ ಆಗಿತ್ತು. ಮಾವ ಕೇಳಿ, "ಮತ್ತೆ ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ನೀನು ಬರೀ ಆ ನಗುವವನ ಕಥೆ ಹೇಳುತ್ತಿದ್ದೆ" ಅಂದರು. ನಿಜ. ನಾನೂ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದೆ ಅಂತ ಕಾಣುತ್ತದೆ.

ಕೊನೆಗೆ ರಬ್ಬರ್ ಕೇಳಿದರು. ಮೆರಾಬ್‌ಗೆ ಕೊಟ್ಟ ಮೂರರಲ್ಲಿ ಒಂದು ಅಳಿಸಿದರು. ಈಗ ಮಾವನ ಲೆಕ್ಕ 48-47, ಯಾನ್. "ಮೂರನೇ ಜಡ್ಜ್ ಒಬ್ಬನಿಗೆ ಕುಸ್ತಿ ಗೊತ್ತಿದೆ. ಉಳಿದ ಇಬ್ಬರೂ ಪೇಟೆಯವರು" ಅಂದರು. ಇನ್ನೊಂದು ರೌಂಡನ್ನು ಮಾತ್ರ ಯಾರು ಹೇಳಿದರೂ ಬಿಡುವುದಿಲ್ಲವಂತೆ. ರೈಡರ್ ಅಣ್ಣ ಬೇಕಾದರೆ ಬಂದು ಮಾತಾಡಲಿ ಅಂದಿದ್ದಾರೆ.

ಶಿರಸಿಯವರ ತಳದ ಮುಷ್ಟಿ ನನಗೆ ಹಿಡಿಸಿತು. ಸಾಲು ಕೇಳಿದ್ದೆನಲ್ಲ, ನನ್ನ ಮಟ್ಟಿಗೆ ಆ ತೂಕದಲ್ಲಿ ಮೆರಾಬ್ ಇನ್ನೂ ಮೊದಲನೆಯವನೇ. ಯಾನ್ ಹೀಗೇ ಇನ್ನು ಮೂರು ಸಲ ಉಳಿಸಿಕೊಳ್ಳಲಿ, ಆಗ ಮತ್ತೆ ಚೀಲ ಬಿಚ್ಚೋಣ. ಅದೇ ದಿನ ಬೆಳಿಗ್ಗೆ ಇನ್ನೊಂದು ತೂಕದ ಚಾಂಪಿಯನ್ ಪಾಂಟೋಜ ಬೆಲ್ಟ್ ಕಳೆದುಕೊಂಡದ್ದನ್ನು ಮಾತ್ರ ಯಾವ ಚೀಲಕ್ಕೂ ಹಾಕಬೇಡಿ. ನಾಲ್ಕು ಸಲ ಉಳಿಸಿಕೊಂಡವನು, 26 ಸೆಕೆಂಡಿನಲ್ಲಿ ಬಿದ್ದ ರಭಸಕ್ಕೆ ಕೈ ತಿರುಚಿ ಹೋಯಿತು. ಭಾವ ಆಗಿನ್ನೂ ಬಚ್ಚಲಲ್ಲಿದ್ದರು, ಬಂದು "ಯಾವಾಗ ಶುರು?" ಅಂತ ಕೇಳಿದರು.

ಹಳಿಯಾಳದವರೇ, ಅರ್ಧ ದುಡ್ಡಿನ ಮಾತು ಭಾವನಿಗೆ ಹೇಳಿದೆ. ತಲೆ ಅರ್ಧ ಕೊಡುತ್ತೇನೆ ಅಂದರು. ತಲೆ ಆಗಲೇ ಮಾವನ ಬಾಳೆಗೆ ಹೋಗಿತ್ತು.

ಒಂದು ತೊಂದರೆ ಉಳಿದಿದೆ. ಮಾವ ನವೆಂಬರ್ ಅಂದುಕೊಂಡು ಹರಿದದ್ದು ಡಿಸೆಂಬರ್ ಹಾಳೆ. ಗ್ಯಾಸ್ ಬಂದ ತಾರೀಕು, ಹಾಲಿನ ಲೆಕ್ಕ, ಮಾವನ ಎಡಗಣ್ಣಿನ ದಿನ ಎಲ್ಲ ಅದರ ಮುಂಭಾಗದಲ್ಲಿದೆ. ಅದನ್ನು ಮಾವ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದಾರೆ, ಕೊಡುತ್ತಿಲ್ಲ.


ಅಂಕೋಲಾ ರೈಡರ್

ಭಾನುವಾರ ಬರುತ್ತೇನೆ. ರಬ್ಬರ್ ನಾನೇ ತರುತ್ತೇನೆ.